ಬೈಪೋಲಾರ್ ಡಿಸಾರ್ಡರ್: ಅರ್ಥ ಮಾಡ್ಕೊಂಡು ಸಂಭಾಳಿಸೋದು ಹೇಗೆ

ಬೈಪೋಲಾರ್ ಅಂದ ತಕ್ಷಣ ತುಂಬಾ ಜನ ಅಂದ್ಕೊಳ್ಳೋದು ಬೆಳಿಗ್ಗೆ ನಗು ಸಾಯಂಕಾಲ ಅಳು, ಗಳಿಗೆಗೊಂದು ಮೂಡು ಅಂತ. ಯಾರಾದ್ರೂ ಎರಡು ಸಲ ಮಾತು ಬದಲಾಯಿಸಿದ್ರೆ ಸಾಕು, "ಅವ್ನು ಬೈಪೋಲಾರ್ ಕಣೋ" ಅಂತ ತಮಾಷೆ ಬೇರೆ. ನಿಜವಾದ ಕಾಯಿಲೆ ಹಾಗಿರಲ್ಲ. ಇಲ್ಲಿ ಮನಸ್ಸು ಒಂದು ಕಾಲದಲ್ಲಿ ವಿಪರೀತ ಏರತ್ತೆ, ಇನ್ನೊಂದು ಕಾಲದಲ್ಲಿ ವಿಪರೀತ ಕುಗ್ಗತ್ತೆ, ಈ ಏರಿಳಿತದ ಲೆಕ್ಕ ಗಂಟೆಗಳಲ್ಲಿ ಅಲ್ಲ, ದಿನಗಳಲ್ಲಿ, ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ. ಮಧ್ಯೆ ಪೂರ್ತಿ ಸರಿಯಾಗಿರೋ ಕಾಲಾನೂ ಬರತ್ತೆ, ಅದೇ ಕಾರಣಕ್ಕೆ ಜನ "ನಂಗೇನೂ ಆಗಿಲ್ಲ ಬಿಡಿ" ಅಂತ ಮಾತ್ರೆ ಬಿಡೋದು.

ವಿಶ್ವ ಆರೋಗ್ಯ ಸಂಸ್ಥೆ 2019ಕ್ಕೆ ಕೊಟ್ಟ ಅಂದಾಜು ನೋಡಿದ್ರೆ ಪ್ರಪಂಚದಲ್ಲಿ ಸುಮಾರು 4 ಕೋಟಿ ಜನಕ್ಕೆ ಇದೆ. ಅಂದ್ರೆ ಅಪರೂಪದ್ದೇನಲ್ಲ. ಆದ್ರೆ ಇದ್ರದ್ದೊಂದು ಕಿತಾಪತಿ ಇದೆ, ಬೇರೆ ಕಾಯಿಲೆಲಿ ಕಾಲು ನೋವಾದ್ರೆ ತಲೆ ಯೋಚನೆ ಮಾಡಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗತ್ತೆ, ಇಲ್ಲಿ ಯೋಚನೆ ಮಾಡೋ ತಲೆಗೇ ಹುಷಾರಿರಲ್ಲ. ಹಾಗಾಗಿ ನನ್ನ ಪ್ರಕಾರ ಇದನ್ನ ಸಂಭಾಳಿಸೋದ್ರ ಅರ್ಧ ಕೆಲಸ ನಡೆಯೋದು ಹುಷಾರಾಗಿರೋ ಕಾಲದಲ್ಲಿ. ಏನೇನು ನಿರ್ಧಾರ ಬೇಕೋ ಅದನ್ನ ಆವಾಗಲೇ ತಗೊಂಡು ಬರೆದಿಟ್ಕೋಬೇಕು. ಕೆಳಗಿರೋ ಎಲ್ಲಾ ಸ್ಟೆಪ್ಪೂ ಇದ್ರ ಸುತ್ತಾನೇ ಇದೆ.

ಸ್ಟೆಪ್ 1: ಯಾವುದು ಏನು ಅಂತ ಮೊದ್ಲು ಗೊತ್ತಿರಲಿ

ಮೇಲಿನ ತುದಿಗೆ ಮೇನಿಯಾ ಅಂತಾರೆ. ಕನಿಷ್ಠ ಒಂದು ವಾರ, ದಿನದ ಹೆಚ್ಚು ಹೊತ್ತು, ಮನಸ್ಸು ವಿಪರೀತ ಉಬ್ಬಿರತ್ತೆ ಅಥವಾ ವಿಪರೀತ ಸಿಡಿಮಿಡಿ ಇರತ್ತೆ (ಆಸ್ಪತ್ರೆಗೆ ಸೇರಿಸೋಷ್ಟು ಜೋರಾದ್ರೆ ಒಂದು ವಾರ ಆಗ್ಲೇಬೇಕು ಅಂತಿಲ್ಲ). ಜೊತೆಗೆ ಮೂರು ಗಂಟೆ ಮಲಗಿದ್ರೂ ಫ್ರೆಶ್ ಅನ್ಸೋದು, ಮಾತು ನಿಲ್ಲಿಸೋಕೆ ಆಗ್ದೇ ಇರೋದು, ಒಂದು ಯೋಚನೆ ಮುಗಿಯೋದ್ರೊಳಗೆ ಇನ್ನೊಂದು ನುಗ್ಗೋದು, ನಾನೇ ದೊಡ್ಡೋನು ಅನ್ನೋ ಭಾವ, ಒಂದೇ ಸಲ ನಾಲ್ಕು ಪ್ರಾಜೆಕ್ಟ್ ಶುರು ಮಾಡೋದು, ಯೋಚನೆ ಇಲ್ದೆ ದುಡ್ಡು ಖರ್ಚು, ಅಪಾಯದ ಸೆಕ್ಸ್, ಅಪಾಯದ ಡ್ರೈವಿಂಗ್. ಜೋರಾದ್ರೆ ಇಲ್ಲದ್ದು ಕೇಳಿಸೋದು, ತನಗೆ ವಿಶೇಷ ಶಕ್ತಿ ಬಂದಿದೆ ಅಂತ ನಂಬೋದು ಇದೂ ಆಗತ್ತೆ.

ಇದೇ ಲಕ್ಷಣಗಳು ಸ್ವಲ್ಪ ಕಮ್ಮಿ ಜೋರಲ್ಲಿ, ಕನಿಷ್ಠ ನಾಲ್ಕು ದಿನ ಇದ್ದು, ಬದುಕು ಪೂರ್ತಿ ಬುಡಮೇಲಾಗಿಲ್ಲ ಅಂದ್ರೆ ಅದು ಹೈಪೋಮೇನಿಯಾ. ಇದನ್ನ ಹಿಡಿಯೋದು ತುಂಬಾ ಕಷ್ಟ ಯಾಕಂದ್ರೆ ಅನುಭವಿಸೋರಿಗೆ ಇದು ಕಾಯಿಲೆ ಅನ್ಸೋದೇ ಇಲ್ಲ, "ಅಬ್ಬಾ ಕೊನೆಗೂ ನಾನು ನಾನಾದೆ" ಅನ್ಸತ್ತೆ, ಕೆಲಸಾನೂ ಚೆನ್ನಾಗಾಗತ್ತೆ, ಸುತ್ತ ಇರೋರೂ ಪರವಾಗಿಲ್ವೇ ಅಂತ ಮೆಚ್ಕೋತಾರೆ.

ಕೆಳಗಿನ ತುದಿ ಡಿಪ್ರೆಶನ್. ಎರಡು ವಾರ ಅಥವಾ ಹೆಚ್ಚು. ಯಾವುದ್ರಲ್ಲೂ ರುಚಿ ಇಲ್ಲ, ಮೈ ಎಲ್ಲಾ ಭಾರ, ನಿದ್ದೆ ವಿಪರೀತ ಅಥವಾ ನಿದ್ದೇನೇ ಇಲ್ಲ, ನಾನು ಯಾರಿಗೂ ಬೇಡ ಅನ್ನೋ ಯೋಚನೆ. ಸಿನಿಮಾದಲ್ಲಿ ತೋರಿಸೋದು ಮೇನಿಯಾನೇ, ಆದ್ರೆ ಹೆಚ್ಚಿನೋರ ವರ್ಷಗಳನ್ನ ನುಂಗೋದು ಡಿಪ್ರೆಶನ್.

ಪೂರ್ತಿ ಮೇನಿಯಾ ಒಂದು ಸಲ ಬಂದಿದ್ರೂ ಅದು ಬೈಪೋಲಾರ್ 1. ಹೈಪೋಮೇನಿಯಾ ಪ್ಲಸ್ ಡಿಪ್ರೆಶನ್ ಇದ್ರೆ ಬೈಪೋಲಾರ್ 2. ಎರಡನೇದು "ಲೈಟ್" ಕಾಯಿಲೆ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ, ಅದ್ರಲ್ಲಿ ಡಿಪ್ರೆಶನ್ ಕಾಲ ಇನ್ನೂ ಉದ್ದ. ಚಿಕ್ಕ ಚಿಕ್ಕ ಏರಿಳಿತ ಎರಡು ವರ್ಷ ಅಥವಾ ಹೆಚ್ಚು ಕಾಲ ಎಳೆದಾಡ್ತಿದ್ರೆ ಸೈಕ್ಲೋಥೈಮಿಯಾ ಅಂತಾರೆ, ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಎಪಿಸೋಡ್ (ಅಂದ್ರೆ ಮೇನಿಯಾ, ಹೈಪೋಮೇನಿಯಾ ಅಥವಾ ಡಿಪ್ರೆಶನ್‌ನ ಒಂದೊಂದು ಸುತ್ತು) ಬಂದ್ರೆ ರ‍್ಯಾಪಿಡ್ ಸೈಕ್ಲಿಂಗ್. ಇನ್ನೊಂದಿದೆ, ಮಿಕ್ಸೆಡ್, ಅಂದ್ರೆ ಮನಸ್ಸು ಪಾತಾಳದಲ್ಲಿ ಆದ್ರೆ ಮೈಯಲ್ಲಿ ಮೇನಿಯಾದ ಕರೆಂಟು. ಎಲ್ಲಕ್ಕಿಂತ ಹುಷಾರಾಗಿರ್ಬೇಕಾದ್ದು ಇಲ್ಲೇ, ಸಾಯೋ ಯೋಚನೆ ಜೊತೆಗೆ ಏನಾದ್ರೂ ಮಾಡ್ಕೊಳ್ಳೋ ಶಕ್ತೀನೂ ಇರತ್ತೆ.

ಯಾಕೆ ಬರತ್ತೆ ಅಂತ ಕೇಳಿದ್ರೆ, ವಂಶವಾಹಿಯ ಪಾತ್ರ ದೊಡ್ಡದು. ಅಪ್ಪ ಅಥವಾ ಅಮ್ಮಂಗೆ ಇದ್ರೆ ಮಗುಗೆ ಬರೋ ಸಾಧ್ಯತೆ ಸುಮಾರು ನೂರಕ್ಕೆ ಹತ್ತು, ಅಂದ್ರೆ ಬರದೇ ಇರೋ ಸಾಧ್ಯತೇನೇ ಜಾಸ್ತಿ. ಯಾರ ಬೆಳೆಸಿದ ರೀತಿಯ ತಪ್ಪೂ ಅಲ್ಲ, ಮನಸ್ಸಿನ ದೌರ್ಬಲ್ಯಾನೂ ಅಲ್ಲ.

ಸ್ಟೆಪ್ 2: ಡಾಕ್ಟ್ರ ಹತ್ರ ಬರೀ ಕೈಯಲ್ಲಿ ಹೋಗ್ಬೇಡಿ

ಸಾಮಾನ್ಯವಾಗಿ ಶುರುವಾಗೋದು ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಶುರುವಲ್ಲಿ, ಆದ್ರೆ ಸರಿಯಾದ ಹೆಸರು ಸಿಗೋಕೆ ಎಷ್ಟೋ ಜನಕ್ಕೆ ವರ್ಷಗಟ್ಟಲೆ ಆಗತ್ತೆ. ಕಾರಣ ಸಿಂಪಲ್, ಡಿಪ್ರೆಶನ್ ಆದಾಗ ಜನ ಡಾಕ್ಟ್ರ ಹತ್ರ ಹೋಗ್ತಾರೆ, ಹೈ ಆದಾಗ ಯಾರೂ ಹೋಗಲ್ಲ. ಡಾಕ್ಟ್ರಿಗೆ ಕಾಣೋದು ಅರ್ಧ ಚಿತ್ರ ಮಾತ್ರ. ಆ ಅರ್ಧ ನೋಡಿ ಬರೀ ಆ್ಯಂಟಿಡಿಪ್ರೆಸೆಂಟ್ (ಡಿಪ್ರೆಶನ್ ಮಾತ್ರೆ) ಕೊಟ್ರೆ ಕೆಲವರಿಗೆ ಅದು ಸೀದಾ ಮೇನಿಯಾಗೆ ತಳ್ಳಿಬಿಡತ್ತೆ.

ಅದಕ್ಕೇ ಹೋಗೋ ಮುಂಚೆ ಒಂದು ಹಾಳೆಲಿ ಟೈಮ್‌ಲೈನ್ ಬರ್ಕೊಳ್ಳಿ. ಯಾವ ವಯಸ್ಸಲ್ಲಿ ಎಷ್ಟು ದಿನ ಕುಗ್ಗಿದ್ರಿ, ಯಾವಾಗ ಮಲಗದೇ ಇದ್ರೂ ದಣಿವಾಗ್ತಿರಲಿಲ್ಲ, ಯಾವಾಗ ನಿಮ್ಮ ಸ್ವಭಾವಕ್ಕೇ ಹೊಂದದ ಖರ್ಚು ಜಗಳ ಪ್ರೇಮ ರಾಜೀನಾಮೆ ಇಂಥದ್ದೇನಾದ್ರೂ ಆಯ್ತು, ಯಾವ ಮಾತ್ರೆಗೆ ಹೇಗೆ ರಿಯಾಕ್ಷನ್ ಆಯ್ತು. ಕುಟುಂಬದಲ್ಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇತ್ತಾ, ಯಾರಾದ್ರೂ ಆತ್ಮಹತ್ಯೆ ಮಾಡ್ಕೊಂಡಿದ್ರಾ ಅನ್ನೋದೂ ಬೇಕು, ಹೇಳೋಕೆ ಮುಜುಗರ ಆದ್ರೂ ಹೇಳಿ. ಸಾಧ್ಯ ಆದ್ರೆ ನಿಮ್ಮನ್ನ ಹತ್ರದಿಂದ ನೋಡಿರೋ ಒಬ್ರನ್ನ ಕರ್ಕೊಂಡು ಹೋಗಿ. ನೀವು "ಆವಾಗ ಸ್ವಲ್ಪ ಆ್ಯಕ್ಟಿವ್ ಆಗಿದ್ದೆ" ಅಂತ ಹೇಳೋದನ್ನ ಅವರು "ನಾಲ್ಕು ರಾತ್ರಿ ಮಲಗಲೇ ಇಲ್ಲ ಡಾಕ್ಟ್ರೇ" ಅಂತ ಹೇಳ್ತಾರೆ, ಅಷ್ಟು ವ್ಯತ್ಯಾಸ ಇರತ್ತೆ.

ರಕ್ತ ಪರೀಕ್ಷೆಲಿ ಬೈಪೋಲಾರ್ ಕಾಣಲ್ಲ, ಸ್ಕ್ಯಾನ್‌ನಲ್ಲೂ ಕಾಣಲ್ಲ. ಆದ್ರೂ ಟೆಸ್ಟ್ ಬರೆದುಕೊಡ್ತಾರೆ, ಥೈರಾಯ್ಡ್ ಏರುಪೇರಾದ್ರೆ, ಸ್ಟೀರಾಯ್ಡ್ ಮಾತ್ರೆ ತಗೋತಿದ್ರೆ, ಡ್ರಗ್ಸ್ ತಗೊಂಡ್ರೆ ಹೀಗೇ ಕಾಣೋ ಲಕ್ಷಣ ಬರಬಹುದು, ಅದನ್ನ ಮೊದ್ಲು ಪಕ್ಕಕ್ಕಿಡೋಕೆ. ತಗೋತಿರೋ ಎಲ್ಲಾ ಔಷಧಿ ಪಟ್ಟಿ ಜೊತೇಲಿರಲಿ. ಆನ್‌ಲೈನ್ ಕ್ವಿಜ್ ಮಾಡಿ ನಿಮಗೆ ನೀವೇ ಹೆಸರಿಟ್ಕೊಳ್ಳೋದು ಬೇಡ.

ಸ್ಟೆಪ್ 3: ಮಾತ್ರೆ ವಿಷ್ಯ

ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಜನ ಎಡವೋದು ಇಲ್ಲೇ. ಡೋಸ್ ನಿರ್ಧಾರ ಡಾಕ್ಟ್ರದ್ದು, ಆದ್ರೆ ನೀವೇನು ನುಂಗ್ತಿದೀರ ಅನ್ನೋದು ನಿಮಗೂ ಗೊತ್ತಿರ್ಬೇಕು.

ಲಿಥಿಯಂ ಹಳೇದು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ವೈದ್ಯರು ಮೇನಿಯಾಗೆ ಇದು ಕೆಲಸ ಮಾಡತ್ತೆ ಅಂತ ಬರೆದ್ರು, ಇಷ್ಟು ವರ್ಷ ಆದ್ಮೇಲೂ ದೀರ್ಘಕಾಲ ತಡೆಯೋದ್ರಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ, ಆತ್ಮಹತ್ಯೆ ಅಪಾಯ ಕಮ್ಮಿ ಮಾಡೋದ್ರಲ್ಲೂ ಇದ್ರ ಹೆಸರು ಮೊದ್ಲು ಬರತ್ತೆ. ತೊಂದ್ರೆ ಏನಂದ್ರೆ ಕೆಲಸ ಮಾಡೋ ಮಟ್ಟಕ್ಕೂ ವಿಷ ಆಗೋ ಮಟ್ಟಕ್ಕೂ ಅಂತರ ಚಿಕ್ಕದು. ರಕ್ತದಲ್ಲಿ ಸಾಮಾನ್ಯವಾಗಿ ಲೀಟರ್‌ಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇಡ್ತಾರೆ, 1.5 ದಾಟಿದ್ರೆ ಅಪಾಯ. ಹಾಗಾಗಿ ಲೆವೆಲ್ ಟೆಸ್ಟ್ ತಪ್ಪಿಸ್ಬಾರ್ದು, ಅದೂ ಕೊನೆ ಡೋಸ್ ತಗೊಂಡು 12 ಗಂಟೆ ಆದ್ಮೇಲೆ ರಕ್ತ ಕೊಡ್ಬೇಕು. ಬೆಳಿಗ್ಗೆ ಮಾತ್ರೆ ನುಂಗಿ ಆಮೇಲೆ ಲ್ಯಾಬಿಗೆ ಹೋದ್ರೆ ರಿಪೋರ್ಟ್ ಸುಳ್ಳು ಹೇಳತ್ತೆ. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಇವನ್ನ ಆರು ತಿಂಗಳಿಗೊಮ್ಮೆ ನೋಡಿಸ್ಬೇಕು.

ಲಿಥಿಯಂ ತಗೊಳ್ಳೋರು ನೀರು ಮತ್ತು ಉಪ್ಪು ಒಂದೇ ಲೆವೆಲ್ಲಲ್ಲಿ ಇಟ್ಕೋಬೇಕು. ವಾಂತಿ ಭೇದಿ ಆಗಿ ಮೈ ಒಣಗಿದ್ರೆ, ಇದ್ದಕ್ಕಿದ್ದಂಗೆ ಉಪ್ಪು ಬಿಟ್ರೆ ರಕ್ತದಲ್ಲಿ ಲಿಥಿಯಂ ಏರತ್ತೆ. ಐಬುಪ್ರೊಫೆನ್ ತರದ ನೋವಿನ ಮಾತ್ರೆ, ಕೆಲವು ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡಿಸೋ ಮಾತ್ರೆ ಇವೂ ಏರಿಸ್ತವೆ. ತಲೆನೋವಿಗೆ ಅಂಗಡಿಲಿ ಏನೋ ಒಂದು ತಗೊಳ್ಳೋ ಅಭ್ಯಾಸ ಇದ್ರೆ ಮೊದ್ಲು ಕೇಳಿ ಆಮೇಲೆ ತಗೊಳ್ಳಿ. ಕೈ ಜೋರಾಗಿ ನಡುಗೋದು, ನಡೆಯುವಾಗ ತೂರಾಡೋದು, ಮಾತು ತೊದಲೋದು, ವಾಂತಿ ಭೇದಿ, ಗೊಂದಲ ಇವು ಕಂಡ್ರೆ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಆಸ್ಪತ್ರೆ.

ವಾಲ್ಪ್ರೊಯೇಟ್ ಮೇನಿಯಾಗೆ ಚೆನ್ನಾಗಿ ಕೆಲಸ ಮಾಡತ್ತೆ, ಆದ್ರೆ ಗರ್ಭದಲ್ಲಿರೋ ಮಗುಗೆ ಗಂಭೀರ ಹಾನಿ ಮಾಡತ್ತೆ, ಅಂಗದೋಷ ಅಷ್ಟೇ ಅಲ್ಲ ಬುದ್ಧಿ ಬೆಳವಣಿಗೆಗೂ. ಮಗು ಆಗೋ ವಯಸ್ಸಿನ ಹೆಣ್ಮಕ್ಕಳಿಗೆ ಇದನ್ನ ಬರೆದ್ರೆ ಬೇರೆ ದಾರಿ ಇದ್ಯಾ ಅಂತ ನೇರವಾಗಿ ಕೇಳಿ, ಕೇಳೋದ್ರಲ್ಲಿ ಸಂಕೋಚ ಏನೂ ಬೇಡ. ಈಗಾಗಲೇ ತಗೋತಿದ್ದು ಗರ್ಭಿಣಿ ಅಂತ ಗೊತ್ತಾದ್ರೆ ಗಾಬರಿಲಿ ನೀವೇ ನಿಲ್ಲಿಸ್ಬೇಡಿ, ಆದ್ರೆ ತಡ ಮಾಡ್ದೆ ಡಾಕ್ಟ್ರಿಗೆ ಫೋನ್ ಮಾಡಿ.

ಲ್ಯಾಮೊಟ್ರಿಜಿನ್ ಡಿಪ್ರೆಶನ್ ಮತ್ತೆ ಬರದ ಹಾಗೆ ನೋಡ್ಕೊಳ್ಳತ್ತೆ. ಇದನ್ನ ವಾರಗಟ್ಟಲೆ ನಿಧಾನಕ್ಕೆ ಏರಿಸ್ಬೇಕು, ಅವಸರ ಮಾಡಿದ್ರೆ ಚರ್ಮದ ಮೇಲೆ ಗುಳ್ಳೆ ಎದ್ದು ಪ್ರಾಣಕ್ಕೇ ಬರೋ ಸ್ಟೀವನ್ಸ್ ಜಾನ್ಸನ್ ಅನ್ನೋ ಸ್ಥಿತಿ ಆಗಬಹುದು, ಅಪರೂಪ, ಆದ್ರೂ. ಹೊಸದಾಗಿ ಯಾವ ದದ್ದು ಎದ್ರೂ ತಕ್ಷಣ ತೋರಿಸಿ. ತುಂಬಾ ಜನಕ್ಕೆ ಗೊತ್ತಿಲ್ಲದ್ದು: ಕೆಲವು ದಿನ ಪೂರ್ತಿ ಬಿಟ್ಟುಹೋದ್ರೆ ಹಳೇ ಡೋಸ್‌ಗೆ ಸೀದಾ ವಾಪಸ್ ಹೋಗೋ ಹಾಗಿಲ್ಲ, ಮತ್ತೆ ಮೊದಲಿಂದ ಏರಿಸ್ಕೊಂಡು ಬರ್ಬೇಕು. ಗರ್ಭನಿರೋಧಕ ಮಾತ್ರೆ ತಗೋತಿದ್ರೆ ಅದನ್ನೂ ಹೇಳಿ, ಈಸ್ಟ್ರೊಜನ್ ಇರೋ ಮಾತ್ರೆ ಇದ್ರ ಮಟ್ಟ ಇಳಿಸತ್ತೆ.

ಕ್ವಿಟಿಯಾಪಿನ್, ಒಲಾಂಜಪಿನ್, ಅರಿಪಿಪ್ರಾಜೋಲ್, ಲುರಾಸಿಡೋನ್ ಇವೆಲ್ಲ ಆ್ಯಂಟಿಸೈಕೋಟಿಕ್ ಗುಂಪು, ಅಂದ್ರೆ ಭ್ರಮೆ ತಡೆಯೋ ಮಾತ್ರೆಗಳು, ಬೈಪೋಲಾರ್‌ಗೂ ಕೊಡ್ತಾರೆ. ಹೆಸರು ನೋಡಿ ಹೆದರ್ಬೇಡಿ. ಕೆಲವುಗಳಿಂದ, ಅದ್ರಲ್ಲೂ ಒಲಾಂಜಪಿನ್‌ನಿಂದ, ತೂಕ ಮತ್ತು ಶುಗರ್ ಏರತ್ತೆ, ಹಾಗಾಗಿ ಶುರು ಮಾಡೋ ದಿನವೇ ತೂಕ, ಸೊಂಟದ ಸುತ್ತಳತೆ, ಶುಗರ್, ಕೊಲೆಸ್ಟ್ರಾಲ್ ಬರೆದಿಟ್ಕೊಂಡ್ರೆ ಆಮೇಲೆ ಹೋಲಿಸೋಕೆ ಸಿಗತ್ತೆ. ಸೈಡ್ ಎಫೆಕ್ಟ್ ತಡೆಯೋಕಾಗ್ತಿಲ್ಲ ಅಂದ್ರೆ ಗುಟ್ಟಾಗಿ ನಿಲ್ಲಿಸೋ ಬದಲು "ಇದು ನಂಗೆ ಆಗ್ತಿಲ್ಲ, ಬೇರೆ ಕೊಡಿ" ಅಂತ ಹೇಳಿ. ಆಯ್ಕೆಗಳು ನಿಜವಾಗ್ಲೂ ಇವೆ, ಮೊದಲ ಮಾತ್ರೆನೇ ಎಲ್ಲರಿಗೂ ಹೊಂದಲ್ಲ. ಯಾವುದಕ್ಕೂ ಬಗ್ಗದ ಡಿಪ್ರೆಶನ್ ಅಥವಾ ಮೇನಿಯಾಗೆ ಇಸಿಟಿ ಅಂತ ಇದೆ, ಅಂದ್ರೆ ಮಿದುಳಿಗೆ ಸಣ್ಣದಾಗಿ ಕರೆಂಟ್ ಹಾಯಿಸೋ ಚಿಕಿತ್ಸೆ, ಅನಸ್ತೇಶಿಯಾ ಕೊಟ್ಟು ಮಾಡ್ತಾರೆ, ಹಳೇ ಸಿನಿಮಾಗಳಲ್ಲಿ ನೋಡಿದ ಶಾಕ್ ತರ ಅಲ್ಲ. ಕೆಲವರಿಗೆ ಸ್ವಲ್ಪ ಕಾಲ ಮರೆವು ಕಾಡತ್ತೆ, ಅದೂ ಗೊತ್ತಿರಲಿ.

ಸ್ಟೆಪ್ 4: ನಿದ್ದೆ ಕಾಯ್ಕೊಳ್ಳಿ

ಮಾತ್ರೆ ಬಿಟ್ರೆ ನಿಮ್ಮ ಕೈಯಲ್ಲಿರೋ ದೊಡ್ಡ ಅಸ್ತ್ರ ಇದೇ. ನಿದ್ದೆಗೆಡೋದು ಮೇನಿಯಾದ ಲಕ್ಷಣಾನೂ ಹೌದು ಕಾರಣಾನೂ ಹೌದು, ಒಂದು ರಾತ್ರಿ ಪೂರ್ತಿ ಎದ್ದಿದ್ದೇ ಸಾಕಾಗತ್ತೆ ಕೆಲವರಿಗೆ. ಅದಕ್ಕೇ ನೈಟ್ ಶಿಫ್ಟ್, ಪರೀಕ್ಷೆಗೆ ರಾತ್ರಿಯೆಲ್ಲಾ ಓದೋದು, ಬೇರೆ ಟೈಮ್‌ಝೋನ್‌ಗೆ ಪ್ರಯಾಣ, ಹೊಸ ಮಗು ಇವೆಲ್ಲಾ ಅಪಾಯದ ಜಾಗಗಳು.

ಮಲಗೋ ಟೈಮಿಗಿಂತ ಏಳೋ ಟೈಮ್ ಫಿಕ್ಸ್ ಮಾಡೋದು ಸುಲಭ, ಅಲ್ಲಿಂದ ಶುರು ಮಾಡಿ, ರಜಾ ದಿನಾನೂ ಅದೇ ಟೈಮು. ಏಳೋದು, ಮೊದಲ ಊಟ, ಹೊರಗಿನೋರ ಜೊತೆ ಮೊದಲ ಮಾತು, ಕೆಲಸ ಶುರು, ರಾತ್ರಿ ಊಟ, ಮಲಗೋದು ಇವಿಷ್ಟು ದಿನಾ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಆಗೋ ಹಾಗೆ ನೋಡ್ಕೊಳ್ಳಿ. ಇದನ್ನೇ ಬುಡವಾಗಿಟ್ಕೊಂಡು ಒಂದು ಥೆರಪಿನೇ ಇದೆ, ಇಂಟರ್‌ಪರ್ಸನಲ್ ಅಂಡ್ ಸೋಶಿಯಲ್ ರಿದಮ್ ಥೆರಪಿ ಅಂತ. ಜೊತೆಗೆ ಸಿಬಿಟಿ (ಯೋಚನೆ, ನಡವಳಿಕೆ ತಿದ್ದಿಕೊಳ್ಳೋಕೆ ಕಲಿಸೋ ಮಾತಿನ ಚಿಕಿತ್ಸೆ), ಕುಟುಂಬದವರನ್ನೂ ಕೂರಿಸ್ಕೊಂಡು ಮಾಡೋ ಥೆರಪಿ, ಕಾಯಿಲೆ ಬಗ್ಗೆ ಕಲಿಸೋ ಗುಂಪುಗಳು, ಇವೆಲ್ಲ ಮಾತ್ರೆ ಜೊತೆ ಸೇರಿದಾಗ ಕೆಲಸ ಮಾಡ್ತವೆ, ಮಾತ್ರೆ ಬದಲಿಗಲ್ಲ.

ಎರಡು ರಾತ್ರಿ ಸತತವಾಗಿ ನಿದ್ದೆ ಕಮ್ಮಿ ಆಗಿ, ಆದ್ರೂ ದಣಿವಾಗ್ತಿಲ್ಲ ಅಂದ್ರೆ ಖುಷಿ ಪಡ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ನಿದ್ದೆ ಬರದೇ ಮಾರನೇ ದಿನ ಸುಸ್ತಾದ್ರೆ ಅದು ಸಾಮಾನ್ಯ ನಿದ್ರಾಹೀನತೆ ಇರಬಹುದು, ನಿದ್ದೆ ಬೇಡವೇ ಬೇಡ ಅನ್ಸಿದ್ರೆ ಅದು ಬೇರೆ ಕಥೆ.

ಎಣ್ಣೆ ಬಗ್ಗೆ ಒಂದೇ ಮಾತು, ನಿದ್ದೆ ಹಾಳು, ಡಿಪ್ರೆಶನ್ ಜಾಸ್ತಿ, ಮಾತ್ರೆ ಜೊತೆ ಸೇರಿ ಇನ್ನೂ ಕೆಟ್ಟದು. ಗಾಂಜಾ "ನ್ಯಾಚುರಲ್" ಅಂತ ಯಾರೋ ಹೇಳಿದ್ರೂ ಮೇನಿಯಾ ಕೆದಕತ್ತೆ. ಕಾಫಿ ಮಧ್ಯಾಹ್ನದೊಳಗೆ ಮುಗಿಸಿ.

ಸ್ಟೆಪ್ 5: ದಿನಕ್ಕೆ ಒಂದು ನಿಮಿಷದ ಲೆಕ್ಕ

ಆ್ಯಪ್ ಇದ್ರೂ ಸರಿ ಡೈರಿ ಆದ್ರೂ ಸರಿ. ದಿನಾ ರಾತ್ರಿ ಎಷ್ಟು ಗಂಟೆ ನಿದ್ದೆ, ಮೂಡಿಗೆ ಮೈನಸ್ 3ರಿಂದ ಪ್ಲಸ್ 3ರ ತನಕ ಒಂದು ನಂಬರ್, ಮಾತ್ರೆ ತಗೊಂಡ್ರಾ ಇಲ್ವಾ, ವಿಶೇಷ ಏನಾದ್ರೂ ಆಯ್ತಾ. ಇಷ್ಟೇ. ಕಥೆ ಬರೆಯೋಕೆ ಹೋದ್ರೆ ಒಂದು ವಾರದಲ್ಲಿ ಬಿಟ್ಟುಬಿಡ್ತೀರ. ಹೆಣ್ಮಕ್ಕಳು ಮುಟ್ಟಿನ ದಿನಾನೂ ಗುರುತು ಹಾಕಿದ್ರೆ ಒಳ್ಳೇದು. ಮೂರ್ನಾಲ್ಕು ತಿಂಗಳು ಆದ್ಮೇಲೆ ನೋಡಿದ್ರೆ ಯಾವ ಋತುವಲ್ಲಿ ಏರತ್ತೆ, ಯಾವ ತರದ ಒತ್ತಡ ಆದ್ಮೇಲೆ ಇಳಿಯತ್ತೆ ಅಂತ ಸುಳಿವು ಸಿಗೋಕೆ ಶುರುವಾಗತ್ತೆ, ಡಾಕ್ಟ್ರಿಗೂ "ಪರವಾಗಿಲ್ಲ ಸಾರ್" ಅನ್ನೋ ಉತ್ತರಕ್ಕಿಂತ ಇದು ಸಾವಿರ ಪಾಲು ಉಪಯೋಗ.

ಆಮೇಲೆ ನಿಮ್ಮದೇ ಮುನ್ಸೂಚನೆಗಳ ಪಟ್ಟಿ ಮಾಡಿ. ಪುಸ್ತಕದ ಲಕ್ಷಣಗಳಲ್ಲ, ನಿಮ್ಮವು. ಒಬ್ರಿಗೆ ರಾತ್ರಿ ಒಂದು ಗಂಟೆಗೆ ಹಳೇ ಫ್ರೆಂಡ್ಸ್‌ಗೆಲ್ಲಾ ಮೆಸೇಜ್ ಹಾಕೋದು ಮೊದಲ ಸೂಚನೆ, ಇನ್ನೊಬ್ರಿಗೆ ಮನೆ ಸಾಮಾನೆಲ್ಲಾ ಬೀರು ಸಮೇತ ಜಾಗ ಬದಲಾಯಿಸೋದು, ಮತ್ತೊಬ್ರಿಗೆ ಎಲ್ಲರೂ ನಿಧಾನ ಅನ್ಸಿ ಸಿಟ್ಟು ಬರೋದು. ಇಳಿಯುವಾಗ ಸ್ನಾನ ಮುಂದೂಡೋದು, ಫೋನ್ ಎತ್ತದೇ ಇರೋದು ಹೀಗೆ. ನಿಮಗೆ ನೆನಪಾಗಿಲ್ಲ ಅಂದ್ರೆ ಮನೆಯೋರನ್ನ ಕೇಳಿ, ಅವರಿಗೆ ಚೆನ್ನಾಗಿ ನೆನಪಿರತ್ತೆ.

ಸ್ಟೆಪ್ 6: ಹುಷಾರಾಗಿರುವಾಗಲೇ ಪ್ಲಾನ್ ಬರೆದು ಕೈಗೆ ಕೊಡಿ

ಒಂದು ಪುಟ ಸಾಕು. ಅದ್ರಲ್ಲಿ ಇರಬೇಕಾದ್ದು:

- ಈ ಈ ಸೂಚನೆ ಕಂಡ್ರೆ ನಂಗೆ ಹೇಳೋ ಅಧಿಕಾರ ಇಂಥವರಿಗಿದೆ, ನಾನು ವಾದ ಮಾಡಿದ್ರೂ ಡಾಕ್ಟ್ರಿಗೆ ಫೋನ್ ಮಾಡಬಹುದು
- ಡಾಕ್ಟ್ರ ನಂಬರ್, ಎಮರ್ಜೆನ್ಸಿ ನಂಬರ್, ಈಗಿನ ಮಾತ್ರೆ ಡೋಸ್ ಸಮೇತ, ಯಾವ ಮಾತ್ರೆ ನಂಗೆ ಆಗಿಬರಲ್ಲ
- ಯಾವ ಹಂತದಲ್ಲಿ ಆಸ್ಪತ್ರೆಗೆ ಸೇರಿಸ್ಬೇಕು, ಎಲ್ಲಿಗೆ, ಆವಾಗ ಮಕ್ಕಳನ್ನ ಯಾರು ನೋಡ್ಕೋತಾರೆ, ಕೆಲಸದ ಕಡೆಗೆ ಯಾರು ಏನು ಹೇಳ್ತಾರೆ
- ದುಡ್ಡಿನ ಬೀಗ

ಕೊನೇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೇನಿಯಾ ಇಳಿದ ಮೇಲೆ ಬರೋ ಡಿಪ್ರೆಶನ್‌ಗೆ ಆ ಕಾಲದಲ್ಲಿ ಮಾಡಿದ ಸಾಲ ಇನ್ನಷ್ಟು ಭಾರ ಸೇರಿಸತ್ತೆ. ಕ್ರೆಡಿಟ್ ಕಾರ್ಡ್ ಲಿಮಿಟ್ ಇಳಿಸಿ, ಶಾಪಿಂಗ್ ಆ್ಯಪ್‌ಗಳಲ್ಲಿ ಕಾರ್ಡ್ ಸೇವ್ ಮಾಡ್ಬೇಡಿ, ಉಳಿತಾಯದ ಖಾತೆಯಿಂದ ದೊಡ್ಡ ಮೊತ್ತ ತೆಗೆಯೋಕೆ ನಂಬಿಕೆಯ ಇನ್ನೊಬ್ರ ಸಹಿನೂ ಬೇಕು ಅನ್ನೋ ವ್ಯವಸ್ಥೆ ಮಾಡಬಹುದಾ ನೋಡಿ. ದೊಡ್ಡ ನಿರ್ಧಾರ ಯಾವುದಾದ್ರೂ, ರಾಜೀನಾಮೆ, ಮದುವೆ, ಡಿವೋರ್ಸ್, ಬಿಸಿನೆಸ್ಸು, ಎರಡು ರಾತ್ರಿ ಪೂರ್ತಿ ನಿದ್ದೆ ಆದ್ಮೇಲೆ ಮತ್ತು ಇಬ್ಬರನ್ನ ಕೇಳಿದ ಮೇಲೆ ಅಂತ ನಿಯಮ ಇಟ್ಕೊಳ್ಳಿ. ಐಡಿಯಾ ನಿಜಕ್ಕೂ ಚೆನ್ನಾಗಿದ್ರೆ ಮುಂದಿನ ವಾರಾನೂ ಚೆನ್ನಾಗೇ ಇರತ್ತೆ.

ಸ್ಟೆಪ್ 7: ಡಿಪ್ರೆಶನ್ ದಿನಗಳು

ಇಲ್ಲಿ ಗುರಿ ಚಿಕ್ಕದಿರಲಿ. ಎದ್ದು ಕಿಟಕಿ ತೆಗೆಯೋದು, ಹಲ್ಲುಜ್ಜೋದು, ಹತ್ತು ನಿಮಿಷ ಹೊರಗೆ ನಡೆಯೋದು. ಮನಸ್ಸು ಬಂದ್ಮೇಲೆ ಮಾಡ್ತೀನಿ ಅಂತ ಕಾಯ್ಬೇಡಿ, ಈ ಕಾಯಿಲೆಲಿ ಕೆಲಸ ಮೊದ್ಲು, ಮನಸ್ಸು ಆಮೇಲೆ ನಿಧಾನಕ್ಕೆ ಬರತ್ತೆ. ಹಳೇ ಆ್ಯಂಟಿಡಿಪ್ರೆಸೆಂಟ್ ಸ್ಟ್ರಿಪ್ ಮನೇಲಿದ್ರೆ ನೀವೇ ಶುರು ಮಾಡ್ಬೇಡಿ.

ಸಾಯೋ ಯೋಚನೆ ಬಂದ್ರೆ ಅದು ಕಾಯಿಲೆಯ ಲಕ್ಷಣ, ಜ್ವರ ಬಂದ ಹಾಗೇನೇ, ಮುಚ್ಚಿಡೋ ವಿಷ್ಯ ಅಲ್ಲ. ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಆ ಹೊತ್ತಲ್ಲಿ ಒಬ್ರೇ ಇರ್ಬೇಡಿ, ಹಾನಿ ಮಾಡ್ಕೊಳ್ಳಬಹುದಾದ ವಸ್ತುಗಳು ಮತ್ತು ಹೆಚ್ಚುವರಿ ಮಾತ್ರೆಗಳನ್ನ ಬೇರೆಯವರ ಕೈಗೆ ಕೊಟ್ಟುಬಿಡಿ, ನಿಮ್ಮ ಕಡೆ ಇರೋ ಸಹಾಯವಾಣಿಗೆ ಫೋನ್ ಮಾಡಿ ಅಥವಾ ಎಮರ್ಜೆನ್ಸಿಗೆ ಹೋಗಿ. ಮನೆಯೋರು "ಸಾಯೋ ಯೋಚನೆ ಬರ್ತಿದ್ಯಾ?" ಅಂತ ನೇರವಾಗಿ ಕೇಳಬಹುದು, ಕೇಳಿದ್ರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕಲ್ಲ.

ಸ್ಟೆಪ್ 8: ಮನೆಯೋರಿಗೆ

ಮೇನಿಯಾದಲ್ಲಿರೋರ ಜೊತೆ ವಾದ ಗೆಲ್ಲೋಕೆ ಹೋಗ್ಬೇಡಿ, ಸೋಲ್ತೀರ. ದನಿ ತಗ್ಗಿಸಿ, ವಾಕ್ಯ ಚಿಕ್ಕದು ಮಾಡಿ, ಲೈಟು ಗದ್ದಲ ನೆಂಟರು ಎಲ್ಲಾ ಕಮ್ಮಿ ಮಾಡಿ. "ನಿಂಗೆ ಹುಚ್ಚು ಹಿಡಿದಿದೆ" ಅನ್ನೋ ಬದಲು "ಮೂರು ದಿನದಿಂದ ನೀನು ಮಲಗಿಲ್ಲ, ನಂಗೆ ಭಯ ಆಗ್ತಿದೆ, ಡಾಕ್ಟ್ರಿಗೆ ಫೋನ್ ಮಾಡೋಣ" ಅಂತ ಕಣ್ಣಿಗೆ ಕಂಡಿದ್ದನ್ನ ಮಾತ್ರ ಹೇಳಿ. ಕಾರ್ ಕೀ ತೆಗೆದಿಡಿ. ಕೈ ಮಾಡೋ ಹಂತ ಬಂದ್ರೆ ಮೊದ್ಲು ನೀವು ಸೇಫ್ ಆಗಿ, ಆಮೇಲೆ ಸಹಾಯ ಕರೆಯಿರಿ.

ಇನ್ನೊಂದು ಕಡೆ ಅತಿ ಆಗೋದೂ ಉಂಟು. ಅವರು ಸ್ವಲ್ಪ ಜೋರಾಗಿ ನಕ್ರೂ "ಮಾತ್ರೆ ತಗೊಂಡ್ಯಾ?" ಅಂತ ಕೇಳಿದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ ಹೇಳಿ. ಖುಷಿ ಪಡೋಕೂ ಅವರಿಗೆ ಹಕ್ಕಿದೆ. ಬರೆದಿಟ್ಟ ಪಟ್ಟಿಲಿ ಇರೋ ಸೂಚನೆ ಕಂಡ್ರೆ ಮಾತಾಡಿ, ಇಲ್ಲಾಂದ್ರೆ ನೀವೂ ಜೊತೆಗೆ ನಗಿ.

ಹೆರಿಗೆ ಆದ್ಮೇಲಿನ ವಾರಗಳು ಬೈಪೋಲಾರ್ ಇರೋ ತಾಯಂದಿರಿಗೆ ತುಂಬಾ ಅಪಾಯದ ಕಾಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಸೈಕೋಸಿಸ್ (ಇಲ್ಲದ್ದು ಕಾಣೋದು, ಕೇಳಿಸೋದು, ನಿಜ ಅಲ್ಲದ್ದನ್ನ ನಂಬೋದು) ಶುರುವಾಗಬಹುದು, ಅದು ಎಮರ್ಜೆನ್ಸಿ. ಮಗು ಬೇಕು ಅಂತ ಅನ್ಕೊಂಡಾಗಲೇ ಡಾಕ್ಟ್ರ ಜೊತೆ ಮಾತ್ರೆ ಪ್ಲಾನ್ ಮಾಡ್ಕೊಳ್ಳಿ, ರಾತ್ರಿ ಮಗುನ ಯಾರು ನೋಡ್ಕೋತಾರೆ, ತಾಯಿ ನಿದ್ದೆ ಹೇಗೆ ಉಳಿಸೋದು ಅನ್ನೋದೂ ಮೊದಲೇ ತೀರ್ಮಾನ ಆಗಿರಲಿ.

ಎಷ್ಟು ವರ್ಷ ಮಾತ್ರೆ ತಗೋಬೇಕು?

ಎಲ್ಲರೂ ಕೇಳೋ ಪ್ರಶ್ನೆ. ಹೆಚ್ಚಿನವರಿಗೆ ತುಂಬಾ ವರ್ಷ, ಕೆಲವರಿಗೆ ಜೀವನಪೂರ್ತಿ. ಹುಷಾರಾಗಿದೀನಿ ಅಂತ ನಿಲ್ಲಿಸೋಕೆ ಹೊರಟ್ರೆ, ಹುಷಾರಾಗಿರೋದು ಆ ಮಾತ್ರೆಯಿಂದಾನೇ ಇರಬಹುದು ಅನ್ನೋದು ನೆನಪಿರಲಿ. ಆದ್ರೂ ನಿಲ್ಲಿಸಿ ನೋಡ್ಬೇಕು ಅಂತ ಇದ್ರೆ ಅದನ್ನ ಡಾಕ್ಟ್ರಿಗೆ ಹೇಳಿನೇ ಮಾಡಿ. ಲಿಥಿಯಂ ಇದ್ದಕ್ಕಿದ್ದಂತೆ ನಿಲ್ಲಿಸಿದ್ರೆ ಮೇನಿಯಾ ವಾಪಸ್ ಬರೋ ಅಪಾಯ ಜಾಸ್ತಿ, ಹಾಗಾಗಿ ಕನಿಷ್ಠ ನಾಲ್ಕು ವಾರ, ಸಾಧ್ಯ ಆದ್ರೆ ಮೂರು ತಿಂಗಳ ತನಕ ಎಳೆದು ನಿಧಾನವಾಗಿ ಇಳಿಸ್ತಾರೆ. ಕೆಲಸ ಬದಲಾಯಿಸೋ ತಿಂಗಳು, ಮನೆಲಿ ಸಾವು ನೋವು ಆದ ತಿಂಗಳು, ಡೈರಿಲಿ ನಿಮಗೆ ಏರೋ ಕಾಲ ಅಂತ ಗುರುತು ಬಿದ್ದಿರೋ ಋತು, ಇಂಥ ಟೈಮಲ್ಲಿ ಇಳಿಸೋಕೆ ಶುರು ಮಾಡ್ಬೇಡಿ, ಮತ್ತೆ ಆ ಇಡೀ ಅವಧಿಲಿ ನಿದ್ದೆ ಲೆಕ್ಕ ಒಂದು ದಿನಾನೂ ತಪ್ಪಿಸ್ಬೇಡಿ.